ಟ್ಯಾಗ್ ಒಳಗೆ ಎಕ್ಸೆಪ್ಶನ್ ಬಂದರೆ ಏನು ಮಾಡಬೇಕು? | ಬದಿಯಡ್ಕ ವ್ಲಾಗ್

ನಮಸ್ಕಾರ. ಬದಿಯಡ್ಕದಲ್ಲಿ ಮಳೆ ಬಿಡುವ ಲಕ್ಷಣ ಕಾಣುವುದಿಲ್ಲ, ಕರೆಂಟು ಇರುವಾಗಲೇ ಶುರು ಮಾಡೋಣ.

ಈ ಪೇಜ್ ನೋಡಿ. ಅಡಿಕೆ ದರ ತೋರಿಸುವ ಜೆಎಸ್‌ಪಿ, ಅಂದರೆ ಸರ್ವರ್‌ನಲ್ಲಿ ಜಾವಾದಿಂದ ತಯಾರಾಗುವ ವೆಬ್ ಪೇಜ್, ಕನ್ನಡದಲ್ಲೂ ಮಲಯಾಳದಲ್ಲೂ ಇದೆ. ದರ ತರುವುದು ಟ್ಯಾಗ್, ಅಂದರೆ ಪೇಜ್‌ನಲ್ಲಿ ಬರೆಯುವ, ಹಿಂದೆ ಜಾವಾ ಕ್ಲಾಸ್ ಇರುವ ಗುರುತು. ಚಾಲಿಗೆ ದರ ಬಂದಿದೆ, ಅಡಿಕೆಯದೇ ಇನ್ನೊಂದು ದರ್ಜೆಯಾದ ಪಟೋರದ ಜಾಗ ಖಾಲಿ. ಡೇಟಾಬೇಸ್ ಕೈಕೊಟ್ಟು ಎಕ್ಸೆಪ್ಶನ್, ಅಂದರೆ ಕೋಡ್ ಓಡುವಾಗಿನ ತಪ್ಪು, ಬಂದಿದೆ, ಆದರೆ ಹಳೇ ಕೋಡ್‌ನಲ್ಲಿ ಅದನ್ನು ಹಿಡಿಯುವ ಕ್ಯಾಚ್ ಬ್ಲಾಕ್ ಒಳಗೆ ಒಂದು ಸಾಲೂ ಇಲ್ಲ, ಹಾಗಾಗಿ ಸರ್ವರ್‌ನ ದಾಖಲೆಯಾದ ಲಾಗ್‌ನಲ್ಲೂ ಸುದ್ದಿ ಇಲ್ಲ. ಇದನ್ನು ನೋಡಿದ ಕೃಷಿಕರು ಇವತ್ತು ಪಟೋರ ಯಾರೂ ಕೊಳ್ಳುವುದಿಲ್ಲ ಅಂದುಕೊಂಡು ಮನೆಗೆ ಹೋಗುತ್ತಾರೆ, ಅಲ್ವಾ? ನನಗೆ ಸಿಟ್ಟು ಬರುವುದು ಅಲ್ಲೇ.

ಇದಕ್ಕೆ ದಾರಿ 2001ರ ಜೆಎಸ್‌ಪಿ 1.2ರಿಂದಲೇ ಇದೆ, ಟ್ರೈಕ್ಯಾಚ್‌ಫೈನಲಿ ಅನ್ನುವ ಇಂಟರ್‌ಫೇಸ್. ಹಳೇ ಮಾದರಿಯ ಟ್ಯಾಗ್ ಕ್ಲಾಸ್ ಇದನ್ನು ಇಂಪ್ಲಿಮೆಂಟ್ ಮಾಡಿದರೆ ಟ್ಯಾಗ್ ಶುರುವಾಗುವ ಡೂಸ್ಟಾರ್ಟ್‌ಟ್ಯಾಗ್‌ನಲ್ಲೋ ಒಳಗಿನ ಬಾಡಿಯಲ್ಲೋ ಮುಗಿಯುವ ಡೂಎಂಡ್‌ಟ್ಯಾಗ್‌ನಲ್ಲೋ ಎಕ್ಸೆಪ್ಶನ್ ಬಂದಾಗ ಅದರ ಡೂಕ್ಯಾಚ್ ಮೆಥಡ್ ಓಡುತ್ತದೆ. ಲಾಗ್ ಮಾಡುವ ಜಾಗ ಅದು. ಯಾವ ಪೇಜ್, ಯಾವ ಜಾತಿಯ ಅಡಿಕೆ ಅನ್ನುವುದು ಟ್ಯಾಗ್‌ಗೆ ಮಾತ್ರ ಗೊತ್ತು, ಅದನ್ನು ಕರೆದ ಮೇಲಿನ ಕೋಡ್‌ಗೆ ಗೊತ್ತಿರುವುದಿಲ್ಲ. ಲಾಗರ್‌ಗೆ ಸಂದೇಶದ ಜೊತೆ ಎಕ್ಸೆಪ್ಶನ್ ಅನ್ನೇ ಕೊಡಿ, ಬರೀ ಗೆಟ್‌ಮೆಸೇಜ್ ಕೊಟ್ಟರೆ ಎಷ್ಟನೇ ಸಾಲು ಅನ್ನುವುದೇ ಸಿಗುವುದಿಲ್ಲ. ಆಮೇಲೆ ಮರೆಯದೆ ಮತ್ತೆ ಥ್ರೋ ಮಾಡಿ, ಅಂದರೆ ಎಕ್ಸೆಪ್ಶನ್ ಅನ್ನು ಮೇಲಕ್ಕೆ ಕಳಿಸಿ. ಜೆಎಸ್‌ಪಿಯದೇ ಎಕ್ಸೆಪ್ಶನ್ ಕ್ಲಾಸ್ ಆದ ಜೆಎಸ್‌ಪಿಎಕ್ಸೆಪ್ಶನ್ ಆಗಿ ಸುತ್ತುವುದಾದರೆ ಮೂಲ ಕಾರಣವನ್ನೂ ಒಳಗೆ ಇಡಿ. ಟ್ಯಾಗ್ ಒಳಗೆ ಟ್ಯಾಗ್ ಇದ್ದರೆ ಹೊರಗಿನದ್ದರ ಡೂಕ್ಯಾಚ್ ಕೂಡ ಓಡಬಹುದು, ಲಾಗ್ ಒಂದೇ ಕಡೆ ಬರೆಯಿರಿ, ಇಲ್ಲದಿದ್ದರೆ ಒಂದೇ ತಪ್ಪು ಲಾಗ್‌ನಲ್ಲಿ ಎರಡೆರಡು ಸಲ ಬೀಳುತ್ತದೆ.

ಡೇಟಾಬೇಸ್ ಕನೆಕ್ಷನ್ ಮುಚ್ಚುವುದು ಅದೇ ಇಂಟರ್‌ಫೇಸ್‌ನ ಡೂಫೈನಲಿಯಲ್ಲಿ, ತಪ್ಪು ಬಂದರೂ ಬಾರದಿದ್ದರೂ ಅದು ಓಡುತ್ತದೆ. ಜೆಎಸ್‌ಪಿ ಓಡಿಸುವ ಸರ್ವರ್ ಟಾಮ್‌ಕ್ಯಾಟ್ ಟ್ಯಾಗ್ ಆಬ್ಜೆಕ್ಟ್‌ಗಳನ್ನು ಮರುಬಳಕೆ ಮಾಡುತ್ತದೆ, ಹಿಂದಿನವರ ಬಾಕಿ ಮುಂದಿನವರಿಗೆ ಹೋಗಬಾರದು, ಫೀಲ್ಡ್‌ಗಳನ್ನೂ ಅಲ್ಲೇ ತೊಳೆದುಬಿಡಿ.

ತಪ್ಪು ಬಂದಾಗ ತೋರಿಸುವ ಎರರ್ ಪೇಜ್ ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಇದೆ, ಆದರೆ ಪೇಜ್ ಕಳಿಸುವ ಮುನ್ನ ಕೂಡಿಡುವ ಜೆಎಸ್‌ಪಿಯ ಬಫರ್ ಸಾಮಾನ್ಯವಾಗಿ 8 ಕೆಬಿ. ದರದ ಪಟ್ಟಿ ಉದ್ದವಾಗಿ ಅದು ತುಂಬಿ ಬ್ರೌಸರ್‌ಗೆ ಹರಿದ ಮೇಲೆ ಎಕ್ಸೆಪ್ಶನ್ ಬಂದರೆ ಎರರ್ ಪೇಜ್‌ಗೆ ಕಳಿಸಲು ಆಗುವುದಿಲ್ಲ, ಅರ್ಧ ಪೇಜ್ ಮಾತ್ರ ಕಾಣುತ್ತದೆ. ಆಗ ಕೈ ಹಿಡಿಯುವುದು ಲಾಗ್ ಒಂದೇ.

ಜೆಎಸ್‌ಪಿಯ ಸಿದ್ಧ ಟ್ಯಾಗ್‌ಗಳ ಸಂಗ್ರಹವಾದ ಜೆಎಸ್‌ಟಿಎಲ್‌ನ ಸಿ:ಕ್ಯಾಚ್ ತಪ್ಪನ್ನು ಹಿಡಿದು ಪೇಜನ್ನು ಮುಂದುವರಿಸುತ್ತದೆ. ಅದನ್ನು ಪೇಜ್‌ನಲ್ಲಿ ಹವಾಮಾನ ತೋರಿಸುವ ಡಬ್ಬಿಯಂತಹ ಸಣ್ಣಪುಟ್ಟದ್ದಕ್ಕೆ ಬಳಸಿ, ದರಕ್ಕೆ ಬೇಡ.

ಇನ್ನೊಂದು, ಲಾಗ್‌ನ ಎನ್‌ಕೋಡಿಂಗ್ ಯುಟಿಎಫ್-8 ಇರಲಿ. ಇಲ್ಲವಾದರೆ ಪಟೋರ ಅಂತ ಬರೆದ ಕಡೆ ಸುಮ್ನೆ ಪ್ರಶ್ನೆ ಚಿಹ್ನೆಗಳು ಬರಬಹುದು.