ಬಾಟಲಿಯೊಳಗಿನ ಕೆರೆ: ನೀರಿನ ಮಾದರಿ ಮತ್ತು ಅದರ ಪರಿಭಾಷೆ

ಸಭಿಕರೆಲ್ಲರಿಗೂ ನಮಸ್ಕಾರ.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಸುಕಿ ನೋಡಿದರೆ ಸಾಕು ಎನ್ನುತ್ತೇವೆ. ಕೆರೆಯ ನೀರಿಗೆ ಈ ಮಾತು ಒಪ್ಪುವುದಿಲ್ಲ. ಕೋಡಿಯ ಬಳಿಯ ನೀರು ಒಂದು ಬಗೆಯಾದರೆ ಕೊಳಚೆ ಕಾಲುವೆ ಬಂದು ಸೇರುವಲ್ಲಿನ ನೀರು ಇನ್ನೊಂದು ಬಗೆ. ಬೆಳಗಿನ ಜಾವದ ನೀರು ಮಧ್ಯಾಹ್ನಕ್ಕೆ ಹಾಗೆಯೇ ಇರುವುದಿಲ್ಲ. ಆದ್ದರಿಂದ ವರದಿಯ ಅಂಕಿಯನ್ನು ಓದುವ ಮೊದಲು ಆ ನೀರನ್ನು ಎಲ್ಲಿ, ಯಾವಾಗ, ಹೇಗೆ ತುಂಬಿಕೊಂಡರು ಎಂಬುದನ್ನು ಓದಬೇಕು.

ತೊಡಕು ‘ಮಾದರಿ’ ಎಂಬ ಪದದಿಂದಲೇ ಶುರುವಾಗುತ್ತದೆ. ಮಾದರಿ ಶಾಲೆ, ಮಾದರಿ ಗ್ರಾಮ ಎಂದಾಗ ಅದಕ್ಕೆ ಮೇಲ್ಪಂಕ್ತಿ ಎಂಬ ಅರ್ಥ. ನೀರಿನ ಮಾದರಿ ಎಂದಾಗ ಇದ್ದದ್ದನ್ನು ಇದ್ದಂತೆ ತೋರಿಸುವ ಒಂದಂಶ. ಕಸಕಡ್ಡಿ ಸರಿಸಿ, ತಿಳಿಯಾದ ಜಾಗ ಹುಡುಕಿ ಬಾಟಲಿ ತುಂಬುವವರು ತಮಗರಿವಿಲ್ಲದೆ ಮೊದಲ ಅರ್ಥವನ್ನೇ ಪಾಲಿಸಿರುತ್ತಾರೆ.

ಒಂದು ಜಾಗದಲ್ಲಿ ಒಂದೇ ಹೊತ್ತಿಗೆ ತುಂಬಿದ್ದು ಗ್ರ್ಯಾಬ್ ಸ್ಯಾಂಪಲ್. ಅದನ್ನು ಬಿಡಿ ಮಾದರಿ ಎನ್ನೋಣ. ಹಲವು ಹೊತ್ತಿನ ನೀರನ್ನು ಬೆರೆಸಿದ್ದು ಕಾಂಪೊಸಿಟ್, ಅಂದರೆ ಮಿಶ್ರ ಮಾದರಿ. ಗಂಟೆಗೊಂದು ಬಗೆಯ ನೀರು ಹೊರಬಿಡುವ ಕಾರ್ಖಾನೆಯ ಕೊಳವೆಗೆ ಮಿಶ್ರ ಮಾದರಿಯೇ ಹೊಂದುತ್ತದೆ. ಆದರೆ ಕರಗಿದ ಆಮ್ಲಜನಕಕ್ಕೆ ಅದು ಸಲ್ಲದು, ಏಕೆಂದರೆ ಬೆರೆಸುವಾಗಲೇ ಗಾಳಿ ಸೇರಿಕೊಳ್ಳುತ್ತದೆ. ಪಾಚಿಗಟ್ಟಿದ ಕೆರೆಯಲ್ಲಿ ಹಗಲು ಏರಿದ ಆಮ್ಲಜನಕ ರಾತ್ರಿಯಿಡೀ ಇಳಿಯುತ್ತಾ ಹೋಗಿ ಸೂರ್ಯೋದಯಕ್ಕೆ ಮುಂಚೆ ತೀರಾ ತಳಮುಟ್ಟಬಹುದು. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸತ್ತ ಮೀನುಗಳು ರಾಶಿರಾಶಿಯಾಗಿ ತೇಲಿದ್ದು ನಿಮಗೆ ನೆನಪಿರಬಹುದು. ಇಂಥ ಕೆರೆಗಳಲ್ಲಿ ಬೆಳಗ್ಗೆ ಹನ್ನೊಂದು ಗಂಟೆಗೆ ತುಂಬಿದ ಬಿಡಿ ಮಾದರಿಯಷ್ಟನ್ನೇ ನೆಚ್ಚಿಕೊಂಡರೆ ಮೀನು ಉಸಿರುಗಟ್ಟಿದ ಹೊತ್ತು ದಾಖಲೆಗೇ ಬರುವುದಿಲ್ಲ.

ಈ ಆಮ್ಲಜನಕವನ್ನು ದಡದಲ್ಲೇ ‘ಫಿಕ್ಸ್’ ಮಾಡುವುದನ್ನು, ಅಂದರೆ ಅದರ ಪ್ರಮಾಣ ಆಮೇಲೆ ಬದಲಾಗದಂತೆ ರಾಸಾಯನಿಕದಿಂದ ಹಿಡಿದಿಡುವುದನ್ನು, ಒಮ್ಮೆಯಾದರೂ ಕಣ್ಣಾರೆ ನೋಡಬೇಕು. 300 ಮಿಲಿಲೀಟರಿನ ಗಾಜಿನ ಬಾಟಲಿಗೆ ಒಂದು ಗುಳ್ಳೆಯೂ ಉಳಿಯದಂತೆ ನೀರು ತುಂಬಿ, ಮ್ಯಾಂಗನೀಸ್ ಸಲ್ಫೇಟನ್ನೂ ಕ್ಷಾರ ಅಯೊಡೈಡ್ ದ್ರಾವಣವನ್ನೂ ಪಿಪೆಟ್ಟಿನ ತುದಿ ಮುಳುಗಿಸಿ ಬಿಟ್ಟು, ಬಿರಡೆ ಹಾಕಿ ತಲೆಕೆಳಗು ಮಾಡಿದರೆ, ಆಮ್ಲಜನಕವಿದ್ದ ನೀರಿನಲ್ಲಿ ಕಂದು ಬಣ್ಣದ ಗಸಿ ಮೋಡದಂತೆ ಇಳಿಯುತ್ತದೆ. ಗಸಿ ಬಿಳಿಯಾಗಿಯೇ ಉಳಿದರೆ ಆಮ್ಲಜನಕ ಇರಲಿಲ್ಲವೆಂದೇ ಅರ್ಥ; ಪ್ರಯೋಗಾಲಯದ ಲೆಕ್ಕಕ್ಕೆ ಮೊದಲೇ ಉತ್ತರ ಕೈಯಲ್ಲಿರುತ್ತದೆ.

‘ಸಂರಕ್ಷಣೆ’ ಎಂಬ ಮಾತಿಗೂ ಇಲ್ಲಿ ಇಂಥದೇ ಖಚಿತ ಅರ್ಥವಿದೆ: ತುಂಬಿದಾಗ ಇದ್ದ ನೀರು ಪರೀಕ್ಷೆಯವರೆಗೂ ಹಾಗೆಯೇ ಇರುವಂತೆ ನೋಡಿಕೊಳ್ಳುವುದು. ನಲ್ಲಿ ನೀರಿನ ಬ್ಯಾಕ್ಟೀರಿಯಾ ಪರೀಕ್ಷೆಗೆ ಕ್ರಿಮಿಶುದ್ಧ ಬಾಟಲಿಯಲ್ಲಿ ಮೊದಲೇ ಸೋಡಿಯಂ ಥಯೊಸಲ್ಫೇಟ್ ಹಾಕಿರುತ್ತಾರೆ. ಇಲ್ಲದಿದ್ದರೆ ನೀರಿನಲ್ಲಿ ಉಳಿದ ಕ್ಲೋರಿನ್ ದಾರಿಯುದ್ದಕ್ಕೂ ಬ್ಯಾಕ್ಟೀರಿಯಾ ಕೊಲ್ಲುವ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಆ ಬಾಟಲಿಯನ್ನು ತೊಳೆದು ತುಂಬುವ ಅತಿ ಶುಚಿತ್ವ ಬೇಡ. ಪಾವಗಡದಂಥ ಕಡೆ ಕೊಳವೆಬಾವಿಯ ಫ್ಲೋರೈಡ್ ನೋಡಲು ಗಾಜಲ್ಲ, ಪ್ಲಾಸ್ಟಿಕ್ ಬಾಟಲಿ ಬೇಕು. ಪಂಪು ಕೆಲ ಹೊತ್ತು ಓಡಿ, ಕೊಳವೆಯಲ್ಲಿ ನಿಂತ ನೀರು ಹೋದ ಮೇಲೆಯೇ ತುಂಬಬೇಕು.

ಕೊನೆಯದು ವರದಿಯಲ್ಲಿ ಬರುವ ‘ಬಿಡಿಎಲ್’ (ಬಿಲೋ ಡಿಟೆಕ್ಷನ್ ಲಿಮಿಟ್), ಎಂದರೆ ಪತ್ತೆಮಿತಿಗಿಂತ ಕಡಿಮೆ. ಪತ್ತೆಮಿತಿ ಎಂದರೆ ಅಳೆಯುವ ವಿಧಾನಕ್ಕೆ ಕಾಣುವ ಅತಿ ಕಡಿಮೆ ಪ್ರಮಾಣ. ಇದನ್ನು ‘ಇಲ್ಲ’ ಎಂದು ಕನ್ನಡಿಸುವುದು ತಪ್ಪು. ಭಾರತೀಯ ಮಾನಕದಲ್ಲಿ ಕುಡಿಯುವ ನೀರಿನ ಆರ್ಸೆನಿಕ್‌ನ ಸ್ವೀಕಾರಾರ್ಹ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಅಳೆಯುವ ವಿಧಾನಕ್ಕೆ 0.05ಕ್ಕಿಂತ ಕಡಿಮೆ ಕಾಣದಿದ್ದರೆ, ಮಿತಿಯ ನಾಲ್ಕು ಪಟ್ಟು ಆರ್ಸೆನಿಕ್ ಇರುವ ನೀರಿಗೂ ವರದಿಯಲ್ಲಿ ಅದೇ ಮೂರಕ್ಷರ ಬೀಳುತ್ತದೆ. ಹಾಗಾಗಿ ಆ ಮೂರಕ್ಷರದ ಪಕ್ಕದಲ್ಲಿ ಪತ್ತೆಮಿತಿಯ ಅಂಕಿಯನ್ನೂ ಬರೆದುಕೊಡಿ ಎಂದು ಪ್ರಯೋಗಾಲಯವನ್ನು ಕೇಳಿ ಪಡೆಯಿರಿ.