ದುರ್ಗದ ಶೇಂಗಾ ಹೊಲಕ್ಕೂ ಸಮುದ್ರಕ್ಕೂ ಏನು ಸಂಬಂಧ?

[ಅಕ್ಕ ತಂಗಿ ಹೊಂಡ, ಚಿತ್ರದುರ್ಗ ಕೋಟೆ. ಬೆಳಗಿನ ಹೊತ್ತು.]

ನಮಸ್ಕಾರ. ಚಳ್ಳಕೆರೆಯ ರೈತರೊಬ್ಬರು ಕೇಳಿದ್ದರು: "ಸಮುದ್ರದ ಸಂಶೋಧನೆಗೆ ನಾಲ್ಕು ಸಾವಿರ ಕೋಟಿ ಅಂತೀರಲ್ಲ, ಅದರಿಂದ ನಮಗೇನಣ್ಣ?"

ಲೆಕ್ಕ ಸರಿ ಇದೆ. ಕೇಂದ್ರ ಸರ್ಕಾರದ ಸಮುದ್ರ ಸಂಶೋಧನಾ ಯೋಜನೆ ಆಳ ಸಾಗರ ಮಿಷನ್‌ಗೆ 2021ರಲ್ಲಿ ಒಪ್ಪಿಗೆ ಸಿಕ್ಕಿತು, 5 ವರ್ಷಕ್ಕೆ 4,077 ಕೋಟಿ ರೂಪಾಯಿ. ಮಳೆಯ ಮೂಲ ಸಮುದ್ರ ಅನ್ನೋದು ಎಲ್ಲರಿಗೂ ಗೊತ್ತು, ಅದನ್ನು ಬಿಡಿ. 2023 ನೆನಪಿದೆ ಅಲ್ವಾ? ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ಎಲ್ ನಿನೋ ಬಂತು. ಅದು ಬಂದರೆ ನಮ್ಮ ಮುಂಗಾರು ಸೊರಗೋದೇ ಹೆಚ್ಚು. ಆ ವರ್ಷ ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223ಕ್ಕೆ ಬರ.

ಆ ಬಿಸಿಯನ್ನು ಅಳೆಯೋದು ಹೇಗೆ? ಆರ್ಗೋ ಅಂತ ಒಂದು ಯಂತ್ರವಿದೆ. ಉದ್ದನೆಯ ಕೊಳವೆ, ಪ್ರೊಪೆಲ್ಲರ್ ಇಲ್ಲ. ಒಳಗಿನ ಎಣ್ಣೆಯನ್ನು ಹೊರಗಿನ ಚೀಲಕ್ಕೆ ತಳ್ಳಿದರೆ ಮೇಲೆ ಬರುತ್ತದೆ, ವಾಪಸ್ ಎಳೆದುಕೊಂಡರೆ ಮುಳುಗುತ್ತದೆ. ಹತ್ತು ದಿನಕ್ಕೊಮ್ಮೆ 2,000 ಮೀಟರ್ ಆಳದಿಂದ ನೀರಿನ ಬಿಸಿ, ಉಪ್ಪು ಅಳೆಯುತ್ತಾ ಮೇಲೇರಿ, ಉಪಗ್ರಹಕ್ಕೆ ವರದಿ ಕೊಡುತ್ತದೆ. ಮುಳ್ಳಯ್ಯನಗಿರಿಯನ್ನು ಅಲ್ಲಿ ಇಳಿಸಿದರೆ ತುದಿಯೂ ಕಾಣಿಸದು!

ಈಗ ಈ ಹೊಂಡ ನೋಡಿ. ಇಲ್ಲಿಗೆ ಬಂದದ್ದೇ ಇದನ್ನು ತೋರಿಸೋಕೆ. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ಕೋಡಿ ಬಿದ್ದರೆ ನೀರು ಇಲ್ಲಿಗೆ. ಇದು ತುಂಬಿದರೆ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ. ಪ್ರತಿ ಹೊಂಡವೂ ಚೆಂದ. ಆದರೆ ಸಂತೆಗೆ ಬಂದವರ ಬಾಯಾರಿಕೆ ತೀರಿಸಿದ್ದು ನಡುವಿನ ದಾರಿ. ಅಲ್ಲಿ ಹೂಳು ತುಂಬಿದರೆ ಮೇಲಿನ ನೀರು ಮೇಲೇ ಉಳಿಯುತ್ತದೆ.

ಸಮುದ್ರದ ಮಾಹಿತಿಯೂ ಹೀಗೇ ಹರಿಯಬೇಕು. ಚೆನ್ನೈನ ಸಾಗರ ತಂತ್ರಜ್ಞಾನ ಸಂಸ್ಥೆಯ ಬೋಯ್‌ಗಳು, ಅಂದರೆ ತೇಲುವ ಅಳತೆ ಯಂತ್ರಗಳು, ಸಮುದ್ರದ ಮೇಲೆ ಕಾವಲಿವೆ. ಆರ್ಗೋ ವರದಿ ಸೇರೋದು ಹೈದರಾಬಾದ್‌ನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್‌ಗೆ. ಸಮುದ್ರದ ಕೇಂದ್ರ ಇರೋದು ಕರಾವಳಿಯಲ್ಲಲ್ಲ, ನಮ್ಮ ಹಾಗೆ ಒಣ ನೆಲದಲ್ಲಿ! ಅಲ್ಲಿಂದ ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ, ಹವಾಮಾನ ಇಲಾಖೆಗೆ. ಮೊದಲು ಸಾಗರದ ಇಲಾಖೆ ಒಂದು ಕಡೆ, ಹವಾಮಾನ ಇಲಾಖೆ ಇನ್ನೊಂದು ಕಡೆ ಇದ್ದವು. 2006ರಲ್ಲಿ ಎರಡೂ ಭೂ ವಿಜ್ಞಾನ ಸಚಿವಾಲಯಕ್ಕೆ ಸೇರಿದವು. ನನ್ನ ಮಟ್ಟಿಗೆ, ಹೊಸ ಹಡಗಿಗಿಂತ ದೊಡ್ಡ ಕೆಲಸ ಅದು.

ಸಮಯ ಜಾಸ್ತಿಯಾಯಿತು, ಉಳಿದದ್ದು ಬೇಗ ಹೇಳುತ್ತೇನೆ. ಗೋವಾದ ಸಮುದ್ರ ವಿಜ್ಞಾನ ಸಂಸ್ಥೆ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಕೈಯಲ್ಲಿದೆ, ಕೊಚ್ಚಿಯ ಮೀನುಗಾರಿಕೆ ಸಂಸ್ಥೆ ಕೃಷಿ ಸಂಶೋಧನಾ ಮಂಡಳಿಯ ಕೈಯಲ್ಲಿ. ಇವೆರಡೂ ಆ ಸಚಿವಾಲಯದ ಹೊರಗಿವೆ, ಈ ದಾರಿಗಳನ್ನೂ ತೆರೆದಿಡಬೇಕು. ಮೂವರನ್ನು 6,000 ಮೀಟರ್ ಆಳಕ್ಕೆ ಒಯ್ಯಲಿರುವ ಜಲಾಂತರ ವಾಹನ ಮತ್ಸ್ಯ 6000 ಬಗ್ಗೆ ಬೇರೆ ವಿಡಿಯೋ ಮಾಡುತ್ತೇನೆ.

ಅಣ್ಣಾ, ಏಪ್ರಿಲ್‌ನಲ್ಲಿ ಮುಂಗಾರಿನ ಮುನ್ಸೂಚನೆ ಬಂದಾಗ ಶೇಕಡಾವಾರು ಮಳೆ ಮಾತ್ರ ನೋಡಬೇಡಿ. ಎಲ್ ನಿನೋ, ಹಿಂದೂ ಮಹಾಸಾಗರದ ಡೈಪೋಲ್ (ಅದರ ಪೂರ್ವ, ಪಶ್ಚಿಮ ಭಾಗದ ನೀರಿನ ಬಿಸಿಯ ವ್ಯತ್ಯಾಸ) ಬಗ್ಗೆ ಬರೆದ ಸಾಲುಗಳನ್ನೂ ಓದಿ. ಮೇ ಕೊನೆಯಲ್ಲಿ ಇನ್ನೊಂದು ಸಲ ಬರುತ್ತದೆ. ಶೇಂಗಾ ಬೀಜ ತರೋ ಮುಂಚೆ ಅದನ್ನೂ ನೋಡಿಬಿಡಿ.