ಕೊನೇ ದಿನ ಬರಬೇಡಿ, ಮಂಗಳವಾರ ಬನ್ನಿ

ಎಲ್ಲರಿಗೂ ನಮಸ್ಕಾರ. ಇವತ್ತಿನ ವ್ಲಾಗ್ ನಮ್ಮ ಏರಿಯಾದವರಿಗೆ. ಬೇರೆ ಕಡೆಯವರು ನೋಡಿ, ಬೇಡ ಅನ್ನಲ್ಲ. ಆದರೆ ನೋಡಿದ ತಕ್ಷಣ ಗಾಡಿ ಹತ್ತಿ ಇಲ್ಲಿಗೆ ಬರಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಮ್ಮ ಮೇನ್ ರೋಡಿನ ಉಡುಪಿ ಹೋಟೆಲ್ ಮುಚ್ಚುವ ಮಾತು ನಡೆಯುತ್ತಿದೆ. ಹೆಸರನ್ನು ಬೇಕಂತಲೇ ಬ್ಲರ್ ಮಾಡಿದ್ದೇನೆ. ಬಸ್ ಸ್ಟಾಪ್ ಎದುರಿನದು ಅಂದರೆ ನಮ್ಮವರಿಗೆ ಸಾಕು.

ಈ ರೇಟ್ ಬೋರ್ಡನ್ನು ಸ್ವಲ್ಪ ಹತ್ತಿರದಿಂದ ನೋಡಿ. ಹೆಸರುಗಳೆಲ್ಲ ಪೇಂಟಿನಲ್ಲಿ ಬರೆದಿರುವುದು, ಹಳೇದು. ರೇಟ್ ಇರುವ ಜಾಗದಲ್ಲಿ ಮಾತ್ರ ಸ್ಟಿಕ್ಕರ್ ಮೇಲೆ ಸ್ಟಿಕ್ಕರ್. ಬೆರಳಾಡಿಸಿದರೆ ದಪ್ಪ ಗೊತ್ತಾಗುತ್ತದೆ. ಎಲ್ಲಕ್ಕಿಂತ ದಪ್ಪ ಇರುವುದು ಕಾಫಿಯದ್ದು. ಕಾಫಿ ಪುಡಿ ಮೊದಲೇ ಏರಿ ಕೂತಿತ್ತು, 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲೂ ಲೀಟರಿಗೆ 4 ರೂಪಾಯಿ ಜಾಸ್ತಿಯಾಯಿತು. ಹೋಟೆಲಿಗೆ ಬರುವ 19 ಕೆ.ಜಿ. ಸಿಲಿಂಡರಿನ ರೇಟ್ ಸಾಮಾನ್ಯವಾಗಿ ಪ್ರತಿ ತಿಂಗಳು ಒಂದನೇ ತಾರೀಕು ಬದಲಾಗುತ್ತದೆ. ಏರಿದಾಗೆಲ್ಲ ದೋಸೆ ರೇಟ್ ಏರಿಸಲು ಆಗುತ್ತಾ? ಎರಡು ರೂಪಾಯಿ ಏರಿಸಿದರೂ ಗಲ್ಲಾ ಮುಂದೆ ನಿಂತು ಪಂಚಾಯ್ತಿ ಮಾಡುವವರು ನಾವೇ ತಾನೆ. ಅದೇ ಜನ ಮಾಲ್‌ನಲ್ಲಿ ಇನ್ನೂರೈವತ್ತರ ಕಾಫಿ ಕುಡಿದು ಸದ್ದಿಲ್ಲದೆ ಎದ್ದು ಬರುತ್ತೇವೆ.

ಇನ್ನು ಡೆಲಿವರಿ ಆ್ಯಪ್. ಯಾವುದು ಅಂತ ಹೇಳಲ್ಲ. ಕಮಿಷನ್ನು, ಆಫರಿನ ಖರ್ಚು ಎಲ್ಲ ಕಳೆದು ಕೈಗೆ ಬರುವ ದುಡ್ಡನ್ನು ಯಜಮಾನರು ಪುಸ್ತಕ ತೆಗೆದು ತೋರಿಸಿದರು. ಮೂರು ನಿಮಿಷದ ದಾರಿ. ಆ ಮೂರು ನಿಮಿಷಕ್ಕೆ ಬಿಲ್ಲಿನ ಕಾಲು ಭಾಗದಷ್ಟು ಹೋಗುತ್ತಿದೆ. ನಮ್ಮ ಅಪಾರ್ಟ್‌ಮೆಂಟಿನ ಬಾಲ್ಕನಿಯಿಂದ ಇವರ ಅಡುಗೆಮನೆ ಚಿಮಣಿ ಕಾಣುತ್ತದೆ ಕಣ್ರೀ!

ಈಗ ಹೊರಗಿನವರು ಯಾಕೆ ಬರಬಾರದು ಅನ್ನುವುದು. 2020ರ ಅಕ್ಟೋಬರ್‌ನಲ್ಲಿ ದೆಹಲಿಯ ಮಾಳವೀಯ ನಗರದ ಬಾಬಾ ಕಾ ಢಾಬಾ ವಿಡಿಯೊ ನೀವೆಲ್ಲ ನೋಡಿರುತ್ತೀರಿ. ಲಾಕ್‌ಡೌನಿನಲ್ಲಿ ವ್ಯಾಪಾರ ಇಲ್ಲದೆ ಕಣ್ಣೀರು ಹಾಕಿದ ಅಜ್ಜ. ಮರುದಿನವೇ ಜನ ಜಾತ್ರೆ, ಕ್ಯಾಮೆರಾ, ದೇಣಿಗೆ. ಆಮೇಲೆ ಬಂದ ದುಡ್ಡಿನ ಲೆಕ್ಕಕ್ಕೆ ಜಗಳ, ಪೊಲೀಸ್ ದೂರು. ಡಿಸೆಂಬರ್‌ನಲ್ಲಿ ದೊಡ್ಡದಾಗಿ ರೆಸ್ಟೋರೆಂಟ್ ತೆರೆದರು. 2021ರ ಫೆಬ್ರವರಿಯಲ್ಲಿ ಅದನ್ನು ಮುಚ್ಚಿ ವಾಪಸ್ ಹಳೇ ಢಾಬಾಕ್ಕೇ ಬಂದರು. ಆ ಜನರ ಮನಸ್ಸು ಕೆಟ್ಟದ್ದಾಗಿರಲಿಲ್ಲ. ಬಂದರು, ತಿಂದರು, ಫೋಟೊ ತೆಗೆದರು, ಹೋದರು. ಬಾಡಿಗೆ ಮಾತ್ರ ತಿಂಗಳು ತಿಂಗಳೂ ಬಂತು.

ನಮ್ಮೂರಿನದ್ದು ಬೇರೆ ಥರ. ಮಲ್ಲೇಶ್ವರದ ನ್ಯೂ ಕೃಷ್ಣ ಭವನ 2023ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿತು. ಸುಮಾರು 70 ವರ್ಷದ ಹೋಟೆಲ್. ಮುಚ್ಚುತ್ತಾರೆ ಅನ್ನುವ ಸುದ್ದಿ ಬಂದದ್ದೇ ತಡ, ಕೊನೇ ಬಟನ್ ಇಡ್ಲಿ ತಿನ್ನಲು ಬೆಂಗಳೂರಿಗೆ ಬೆಂಗಳೂರೇ ಬಂತು. ನನಗೂ ಬೇಜಾರಾಗಿತ್ತು, ಯಾರಿಗೆ ಆಗಲ್ಲ. ಅಲ್ಲಿಯ ಕಾರಣ ಅಲ್ಲಿಯದು, ಗಿರಾಕಿ ಕಡಿಮೆಯಾಗಿ ಮುಚ್ಚಿತು ಅಂತ ನಾನು ಹೇಳುತ್ತಿಲ್ಲ. ಆದರೆ ಆ ಕೊನೇ ವಾರದ ಕ್ಯೂ ನೋಡಿದಾಗ ಅನ್ನಿಸಿದ್ದು ಇಷ್ಟು: ಬೀಳ್ಕೊಡುವುದರಲ್ಲಿ ನಾವು ಬಲೇ ಜೋರು.

ನಮ್ಮ ಈ ಹೋಟೆಲಿಗೆ ಭಾನುವಾರ ಬೆಳಿಗ್ಗೆ ಜನ ಇದ್ದಾರೆ. ಆಗ ಟೇಬಲ್ಲೂ ಸಿಗಲ್ಲ. ತೊಂದರೆ ಇರುವುದು ವಾರದ ದಿನಗಳಲ್ಲಿ, ಅದರಲ್ಲೂ ಮಧ್ಯಾಹ್ನದ ಊಟ ಮುಗಿದ ಮೇಲೆ. ನೋಡಿ, ಇದು ಮಂಗಳವಾರ ಮೂರೂವರೆ. ಕಾವಲಿ ಕಾದಿದೆ. ದೋಸೆ ಹಾಕುವವರು ನೀರು ಚಿಮುಕಿಸಿ, ಪೊರಕೆಯಿಂದ ಗುಡಿಸಿ, ಉರಿ ಸಣ್ಣ ಮಾಡುತ್ತಾರೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕೆಲಸ. ಆರ್ಡರ್ ಇಲ್ಲ. ಆದರೆ ಕಾವಲಿ ಆರಲು ಬಿಡುವಂತಿಲ್ಲ, ಯಾರಾದರೂ ಬಂದರೆ ಗರಿಗರಿ ದೋಸೆ ಬೇಕಲ್ಲ. ಗ್ಯಾಸ್ ಉರಿಯುತ್ತಲೇ ಇರುತ್ತದೆ.

ಹಾಗಾಗಿ ನಾವು ಕೆಲವರು ಸೇರಿ ಒಂದು ಕೆಲಸ ಶುರು ಮಾಡಿದ್ದೇವೆ. ದೇಣಿಗೆ ಅಲ್ಲ. ಯಜಮಾನರು ಅದಕ್ಕೆ ಖಡಾಖಂಡಿತವಾಗಿ ಬೇಡ ಅಂದರು, ನನಗೂ ಸರಿ ಅನ್ನಿಸಿತು. ಹಳೇ ಕಾಲದ ಕೂಪನ್ ಪುಸ್ತಕ. ತಿಂಗಳ ಮೊದಲಿಗೆ ದುಡ್ಡು ಕೊಟ್ಟು ತಗೊಳ್ಳಿ, ದಿನಾ ಒಂದೊಂದು ಚೀಟಿ ಹರಿದು ತಿಂಡಿ ತಿನ್ನಿ. ಬಾಡಿಗೆ ಕಟ್ಟುವ ಹೊತ್ತಿಗೆ ಅವರ ಕೈಯಲ್ಲಿ ಕಾಸಿರುತ್ತದೆ. ಮೊದಲು ಅದಕ್ಕೂ ಒಪ್ಪಲಿಲ್ಲ, ‘ತಿನ್ನದ ತಿಂಡಿಗೆ ದುಡ್ಡು ತಗೊಳ್ಳೋದು ಹೇಗೆ’ ಅಂತ. ನಮ್ಮ ಪಾರ್ಕಿನ ವಾಕಿಂಗ್ ಗುಂಪಿನ ಹಿರಿಯರು ಹೋಗಿ ಕೂತು ಒಪ್ಪಿಸಿದರು. ಆ ಗುಂಪಿನ ಕಾಫಿ ಈಗ ಇಲ್ಲಿಯೇ. ಬೈ ಟು ಹೇಳುವುದನ್ನು ಇನ್ನೂ ಬಿಟ್ಟಿಲ್ಲ, ಅದು ಬೇರೆ ವಿಷಯ.

ಪಾರ್ಸಲ್ ಬೇಕಾದರೆ ಹೋಟೆಲಿಗೇ ಫೋನ್ ಮಾಡಿ. ಮನೆಯಲ್ಲಿ ನಾಮಕರಣ, ಸತ್ಯನಾರಾಯಣ ಪೂಜೆ ಅಂತ ಐವತ್ತು ಜನರ ತಿಂಡಿ ಇದ್ದರೆ ಮೊದಲು ಇಲ್ಲಿ ಕೇಳಿ. ಅಂಥ ಒಂದು ಆರ್ಡರ್ ವಾರದ ಲೆಕ್ಕವನ್ನೇ ಬದಲಾಯಿಸುತ್ತದೆ. ಇನ್ನೊಂದು, ಭಾನುವಾರ ಹೊರಗೆ ಜನ ನಿಂತಿರುವಾಗ ಒಂದು ಕಾಫಿ ಹಿಡಿದು ಲ್ಯಾಪ್‌ಟಾಪ್ ತೆರೆಯಬೇಡಿ. ಮಂಗಳವಾರ ಮೂರೂವರೆಗೆ ಎಷ್ಟು ಹೊತ್ತು ಬೇಕಾದರೂ ಕೂರಿ, ಯಾರೂ ಏಳಿಸಲ್ಲ.

ಚಟ್ನಿ ಇನ್ನಷ್ಟು ಖಾರ ಇರಬೇಕಿತ್ತು, ಸಾಂಬಾರಿಗೆ ಬೆಲ್ಲ ಜಾಸ್ತಿ ಅನ್ನುವವರಿದ್ದಾರೆ. ಉಡುಪಿ ಸಾಂಬಾರು ಹಾಗೇ ಸ್ವಾಮಿ. ಆದರೂ ಎದುರಿಗೇ ಹೇಳಿ, ಕೇಳಿಸಿಕೊಳ್ಳುತ್ತಾರೆ. ರಾತ್ರಿ ಮನೆಗೆ ಹೋಗಿ ಒಂದು ಸ್ಟಾರ್ ಒತ್ತುವುದು ಬೇಡ.

ಬೇರೆ ಏರಿಯಾದವರೇ, ನಿಮ್ಮ ಬೀದಿಯಲ್ಲೂ ಇಂಥದ್ದೊಂದು ಇರುತ್ತದಲ್ವಾ? ಅಲ್ಲಿಗೆ ಹೋಗಿ.

ನಮ್ಮವರಿಗೆ ಒಂದೇ ಸೂಚನೆ. ಈ ವಾರದಿಂದ ಸಂಜೆ ತಿಂಡಿ ಮೂರು ಗಂಟೆಗೇ ಶುರು. ಗೋಳಿ ಬಜೆ ಇದೆ, ಕಾಯಿ ಚಟ್ನಿ ಜೊತೆ. ಸ್ಕೂಲ್ ಬಿಡುವಷ್ಟರಲ್ಲಿ ಬಂದುಬಿಡಿ, ಮಕ್ಕಳು ಬಂದ ಮೇಲೆ ಒಂದೂ ಉಳಿಯಲ್ಲ.